ಕಿವಿಗಿಟ್ಟ ಪೈಪು

ಗಿರಾಕಿ ಪುಟ್ಟಯ್ಯನವರ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ, ಮೆಕ್ಯಾನಿಕ್ ಹಮೀದನ ಎದೆ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜುಮುಜುಮು ಎಂದವು, ಉಸಿರು ಗಂಟಲಲ್ಲೇ ನಿಂತಿತು, ಎದುರಿಗಿದ್ದ ಭದ್ರಾವತಿ ಹಳೇನಗರದ ರಸ್ತೆ ಓಲಾಡಿತು. ಸ್ಪ್ಯಾನರ್ ಡಬ್ಬದ ಮೇಲೆ ಕುಸಿದು ಕುಳಿತ.

"ಸಿದ್ರಾ, ಬಂತು ಬೇಟಿ... ಈ ಸಲ ಉಳಿಯಲ್ಲ ನಾನು."

ಸ್ಪೇರ್ ಪಾರ್ಟ್ಸ್ ಜೋಡಿಸುತ್ತಿದ್ದ ಮಗಳು ಓಡಿ ಬಂದಳು. ಎರಡು ತಿಂಗಳಿಂದ ಇದೇ ಪಾಡು. ರಿಪೇರಿಯಾದ ಗಾಡಿಯನ್ನು ತಾನೇ ಭದ್ರಾ ಸೇತುವೆ ದಾಟಿಸಿ ಟ್ರಯಲ್ ನೋಡದೆ ಗಿರಾಕಿಗೆ ಕೊಡುವವನಲ್ಲ ಹಮೀದ್. ಅಂಥವನಿಗೆ ಒಂದು ದಿನ ನಡುಸೇತುವೆಯಲ್ಲೇ ಹೀಗಾಯಿತು. ಆಮೇಲೆ ಮೂರು ಇಸಿಜಿ ಆದವು, ಮೂರೂ ನಾರ್ಮಲ್. "ಹೃದಯ ಗಟ್ಟಿಯಾಗಿದೆ, ಇದು ಗಾಬರಿ. ಬಂದಾಗ ಓಡಬೇಡಿ, ಕಾಯಿರಿ, ತಾನೇ ಇಳಿಯುತ್ತೆ" ಎಂದರು ಶಿವಮೊಗ್ಗದ ಡಾಕ್ಟರು. ಹಮೀದನ ತಕರಾರು ಒಂದೇ: ಅರ್ಧ ನಿಮಿಷ ಎದೆ ಕೇಳಿದರೆ ಅದೇನು ಗೊತ್ತಾಗುತ್ತೆ? ಒಂದು ಮೊಪೆಡ್ಡನ್ನೇ ನಾನು ಹತ್ತು ನಿಮಿಷ ಕೇಳುತ್ತೇನಲ್ಲ! ಸೇತುವೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಟ್ರಯಲ್ ನೋಡಲಾಗದವನಿಗೆ ಗ್ಯಾರೇಜು ಯಾಕೆ, ತಿಂಗಳ ಕೊನೆಗೆ ಬೀಗ ಹಾಕೋಣ ಎಂದು ನಿನ್ನೆಯಷ್ಟೇ ಹೇಳಿದ್ದ.

"ಆಟೋ ಕರೀಲಾ ಹಮೀದಣ್ಣ?" ಪುಟ್ಟಯ್ಯ ಚಡಪಡಿಸಿದರು.

"ಒಂದ್ನಿಮಿಷ ಅಂಕಲ್" ಎಂದ ಸಿದ್ರಾ ಗೋಡೆಯ ಮೊಳೆಗೆ ನೇತುಬಿದ್ದಿದ್ದ ರಬ್ಬರ್ ಪೈಪನ್ನು ತಂದಳು. ಒಂದು ತುದಿಗೆ ಆಯಿಲ್ ಹೊಯ್ಯುವ ಪುಟ್ಟ ಆಲಿಕೆ ಸಿಕ್ಕಿಸಿದ ಪೈಪು ಅದು. ಆಲಿಕೆಯನ್ನು ಇಂಜಿನ್ನಿಗೊತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು ಹಮೀದ್ ರೋಗ ಹೇಳಿದನೆಂದರೆ ಊರಲ್ಲಿ ಎರಡು ಮಾತಿಲ್ಲ. ಅವಳು ಆಲಿಕೆಯನ್ನು ಅಪ್ಪನ ಎದೆಗೊತ್ತಿ, ಪೈಪನ್ನು ಅವನ ಕಿವಿಗೇ ಇಟ್ಟಳು.

"ಡಾಕ್ಟ್ರನ್ನ ನಂಬಲ್ಲ ಅಲ್ವಾ? ನೀವೇ ಕೇಳಿ."

"ಸಾಯ್ತಿದ್ದೀನಿ ನಾನು, ನಿನಗೆ ತಮಾಷೆ!"

"ಗಿರಾಕಿ ಗಾಡಿ ಅಂದ್ಕೊಳ್ಳಿ ಅಬ್ಬಾ. ಕೇಳಿ ಹೇಳಿ."

ಮೂವತ್ತು ವರ್ಷದ ಚಾಳಿ. ಪೈಪು ಕಿವಿಗೆ ತಾಗಿದ್ದೇ ಹಮೀದನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಒಳಗೆ ಢಬಢಬ, ಢಬಢಬ. ಮೊದಲು ಆ ಸದ್ದಿಗೇ ಇನ್ನಷ್ಟು ಬೆವರಿದ. ಆಮೇಲೆ ಹುಬ್ಬು ಗಂಟಿಕ್ಕಿತು.

"ಮಿಸ್ಸಿಂಗ್ ಇದೆಯಾ, ಬಿಟ್ಟುಬಿಟ್ಟು ಹೊಡೀತಿದೆಯಾ?" ಕೇಳಿದಳು ಸಿದ್ರಾ.

"...ಇಲ್ಲ."

"ಬೇರೇನಾದ್ರೂ ಸದ್ದು?"

"ಇಲ್ಲ. ಒಂದೇ ಸಮ ಹೊಡೀತಿದೆ. ರೇಸ್ ಜಾಸ್ತಿಯಾಗಿದೆ ಅಷ್ಟೇ."

"ಇಂಜಿನ್ ಇಳಿಸ್ಬೇಕಾ?"

"ರೇಸ್ ಜಾಸ್ತಿ ಅಂತ ಯಾವನಾದ್ರೂ ಇಂಜಿನ್ ಇಳಿಸ್ತಾನೇನೇ?" ಹಮೀದನಿಗೆ ಸಿಟ್ಟೇ ಬಂತು. ಎಷ್ಟೋ ದಿನದ ಮೇಲೆ ಬಂದ ಆ ಮೆಕ್ಯಾನಿಕ್ಕಿನ ಸಿಟ್ಟು ಕಂಡು ಸಿದ್ರಾಳ ಕಣ್ಣು ತುಂಬಿತು.

ಅವನು ಪೈಪು ಕೆಳಗಿಡಲಿಲ್ಲ. ಢಬಢಬ ಮೆಲ್ಲಗೆ ಇಳಿಯುವುದನ್ನು ಕೊನೆಯವರೆಗೂ ಕೇಳಿದ. ಎಂಟು ನಿಮಿಷ ಹಿಡಿಯಿತು. ಎದ್ದವನೇ ಹೆಲ್ಮೆಟ್ ಹಾಕಿಕೊಂಡ.

"ನಾಳೆ ನೋಡಿದ್ರಾಯ್ತು ಬಿಡು ಮಾರಾಯ" ಎಂದರು ಪುಟ್ಟಯ್ಯ.

"ಟ್ರಯಲ್ ನೋಡ್ದೆ ಗಾಡಿ ಕೊಡಲ್ಲ ನಾನು."

ಸ್ಕೂಟರ್ ಹೋಯಿತು. ಸಿದ್ರಾ ರಸ್ತೆಯ ತಿರುವಿನಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಹಮೀದ್ ಬಂದ. ಶರ್ಟು ಬೆವರಿನಲ್ಲಿ ತೊಯ್ದಿತ್ತು.

"ಹಿಂದಿನ ಬ್ರೇಕ್ ಒಂಚೂರು ಟೈಟ್ ಮಾಡ್ಕೊಂಡು ಇನ್ನೊಂದ್ಸಲ ಹೋಗ್ಬರ್ತೀನಿ" ಎಂದ ಪುಟ್ಟಯ್ಯನವರಿಗೆ.

ಸಿದ್ರಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಸೇತುವೆ ಮೇಲೆ ಮತ್ತೆ ಬಂತಾ ಅಬ್ಬಾ?"

"ಬಂತು" ಎಂದ ಹಮೀದ್ ಸ್ಪ್ಯಾನರ್ ಹುಡುಕುತ್ತಾ. "ಅದನ್ನೂ ಹಿಂದಿನ ಸೀಟಲ್ಲಿ ಕೂರಿಸ್ಕೊಂಡೇ ದಾಟಿಸ್ದೆ."