ಅನಸುಬಾಯಿ ಕಿತ್ತ ಕರಕಿ

ಸಂಜೆ ಶಾಲೆ ಬಿಟ್ಟು ಬಂದ ಶಿಕ್ಷಕಿ ಲುಂಬಿನಿ ಗೇಟು ತೆರೆದವಳು ಅಲ್ಲೇ ನಿಂತುಬಿಟ್ಟಳು. ಮನೆ ಮುಂದಿನ ಅಂಗಳದಲ್ಲಿ ಹೆಸರಿಗೆ ಒಂದು ಹಸಿರು ಎಸಳೂ ಉಳಿದಿರಲಿಲ್ಲ. ಬಾಗಿಲಲ್ಲಿ ಕುಳಿತು ಕಳೆ ಕೀಳುವ ಖುರಪಿಗೆ ಅಂಟಿದ ಮಣ್ಣು ಒರೆಸುತ್ತಿದ್ದ ಅತ್ತೆ ಅನಸುಬಾಯಿಯ ಮುಖದಲ್ಲಿ ಮಾತ್ರ ದೊಡ್ಡ ಕೆಲಸ ಗೆದ್ದ ಖುಷಿ.

“ಬಾ ಯವ್ವಾ. ಮುಂಜಾನಿಂದ ಕುಂತು ಒಂದು ಬೇರು ಬಿಡದಂಗ ತಗದೀನಿ ನೋಡು. ಹೊಸ ಮನಿ ಮುಂದ ಇಷ್ಟು ಕರಕಿ ಬಿಟ್ರ ಬಂದೋರು ಏನಂದಾರು?”

ಮಗ ಸೊಸೆ ಚಿತ್ತಾಪುರದಲ್ಲಿ ಕಟ್ಟಿಸಿದ ಹೊಸ ಮನೆ ನೋಡಲು ಆಕೆ ನಾಲವಾರದಿಂದ ರೈಲು ಹತ್ತಿ ಹಿಂದಿನ ದಿನವಷ್ಟೇ ಬಂದಿದ್ದಳು. ಕೈ ಸುಮ್ಮನಿರದ ಜೀವ. ನಲವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ತೆಗೆದವಳು ಬೇರೆ. ಕರಕಿ ಎಂಬ ಗರಿಕೆ ಹುಲ್ಲು ಕಣ್ಣಿಗೆ ಬಿದ್ದರೆ ಸಾಕು, ಹಾವು ಕಂಡ ಮುಂಗುಸಿಯಾಗುತ್ತಿದ್ದಳು. ಮಗ ಅಜಯಕುಮಾರ ಡ್ಯೂಟಿಗೆ, ಸೊಸೆ ಶಾಲೆಗೆ ಹೋದ ಮೇಲೆ ಆಕೆಯನ್ನು ತಡೆಯುವವರು ಯಾರಿದ್ದರು?

“ಅತ್ತಿ, ಅದು ತಾನ ಬೆಳದಿದ್ದಲ್ರಿ. ನಾನೇ ಹಚ್ಚಿದ್ದು” ಎಂದಳು ಲುಂಬಿನಿ.

“ಕರಕಿ ಯಾರರ ಹಚ್ತಾರೇನ, ಹುಚ್ಚಿ?” ಎಂದು ನಕ್ಕ ಅನಸುಬಾಯಿ, ಸೊಸೆಯ ಕಣ್ಣು ತುಂಬಿದ್ದು ನೋಡಿ ನಗು ನುಂಗಿದಳು.

“ಲಾನ್ ಮಾಡಾಕತ್ತಿದ್ದೆರಿ. ನಮ್ಮಪ್ಪನ ಸಲುವಾಗಿ. ಮೂವತ್ತು ವರ್ಷ ಸಾಹೇಬರ ಬಂಗ್ಲೆದಾಗ ಮಾಲಿ ಆಗಿದ್ರು. ಅಲ್ಲಿ ಹುಲ್ಲು ಹಚ್ಚಿದವರು ಅವರು, ನೀರು ಬಿಟ್ಟವರು ಅವರು, ಕೊಯ್ದವರು ಅವರು. ಒಂದು ದಿನಾನೂ ಅದರ ಮ್ಯಾಲ ಕುಂತಿಲ್ರಿ. ರೊಟ್ಟಿ ಗಂಟು ಬಿಚ್ಚತಿದ್ದದ್ದು ಗೋಡಿ ಹಿಂದ. ಭೀಮ ಜಯಂತಿ ದಿನ ಅವರಿಗಿ ನಮ್ಮ ಹುಲ್ಲಿನ ಮ್ಯಾಲ ಕುಂದ್ರಸಿ ಉಣಸಬೇಕಂತ ಮಾಡಿದ್ದೆ. ಇನ್ನ ಒಂದು ತಿಂಗಳು ಸೈತ ಇಲ್ಲ.” ಅಷ್ಟು ಹೇಳಿ ಲುಂಬಿನಿ ಒಳಗೆ ಹೋದಳು.

ನಾಲ್ಕು ಮಾತು ಬೈದಿದ್ದರೆ ಅನಸುಬಾಯಿಗೆ ಎಷ್ಟೋ ಹಗುರಾಗುತ್ತಿತ್ತು. ಓಣಿಯವರೆಲ್ಲ ಅಂಗಳಕ್ಕೆ ಫರಸಿಕಲ್ಲು ಹಾಕಿಸಿದರೆ ತನ್ನ ಮಗ ಮಾತ್ರ ಬರಿ ಮಣ್ಣು ಬಿಟ್ಟಿದ್ದೇಕೆ ಎಂಬುದು ಆಕೆಗೆ ಈಗ ತಿಳಿಯಿತು. ಶಿವರಾತ್ರಿಯಿಂದ ಭಾನುವಾರಕ್ಕೊಮ್ಮೆ ಕೂತು ಇಟ್ಟಂಗಿ ಚೂರು ಆರಿಸಿ, ಗೊಬ್ಬರ ಕಲಸಿ, ಸೊಸೆ ಬೆಳೆಸಿದ್ದನ್ನು ತಾನು ಒಂದೇ ಹಗಲಿನಲ್ಲಿ ಕಿತ್ತೊಗೆದಿದ್ದಳು. ‘ಹಾಳಾದ ಕೈ’ ಎಂದು ತನ್ನ ಕೈಯನ್ನೇ ಬೈದುಕೊಂಡಳು. ನಾಳೆ ಬೆಳಗಿನ ಗಾಡಿಗೆ ಊರಿಗೆ ಹೋಗಿಬಿಡುವುದೇ ವಾಸಿ ಎನ್ನಿಸಿತು.

ಕಿತ್ತ ಹುಲ್ಲನ್ನು ಆಕೆ ಹೊಲದ ರೂಢಿಯಂತೆ, ಮತ್ತೆ ಬೇರೂರದಿರಲೆಂದು, ನೀರಿನ ಟಾಕಿಯ ಮುಚ್ಚಳದ ಮೇಲೆ ಬಿಸಿಲಿಗೆ ಹರವಿದ್ದಳು. ಅದು ಆಗಲೇ ಒಣಗಿ ಸುರುಟಿಕೊಂಡಿತ್ತು. ಒಂದು ಎಳೆ ಎತ್ತಿಕೊಂಡು ಉಗುರಿನಿಂದ ಗೆಣ್ಣು ಸುಲಿದು ನೋಡಿದಳು. ಒಳಗೆ ಹಸಿ ಇತ್ತು.

“ಲುಂಬಿನಿ, ಒಂದು ಬಕೀಟು ನೀರು ತಾ.”

“ಸತ್ತದ್ದಕ್ಕ ನೀರ್ಯಾಕ್ರಿ ಅತ್ತಿ?”

“ಯಾರು ಹೇಳಿದ್ರು ಸತ್ತದಂತ? ನಲವತ್ತು ವರ್ಷ ಇದನ್ನ ಸಾಯಸಬೇಕಂತ ಹೆಣಗ್ಯಾಡೀನಿ. ಬಿಸಲಿಗಿ ಹಾಕೀನಿ, ಬೆಂಕಿ ಹಚ್ಚೀನಿ. ಒಂದು ಹನಿ ಬಿತ್ತಂದ್ರ ಮತ್ತ ಎದ್ದು ಕುಂದರ್ತದ. ಹೊಲಕ್ಕ ಕುಂಟಿ ಹೊಡದು ತುಂಡು ಮಾಡಿದ್ರಂತೂ ಒಂದಕ್ಕ ಹತ್ತು ಆಗ್ತದ. ನೀ ಇಡೀ ಇಡೀ ಹುಗದೀದಿ, ಅದಕ್ಕೇ ತೆಳ್ಳಗಿತ್ತು.”

ಬಕೆಟಿನಲ್ಲಿ ನೆನೆಸಿದ ಎಳೆಗಳನ್ನು ಎರಡೆರಡು ಗೆಣ್ಣಿಗೆ ಒಂದು ತುಂಡಿನಂತೆ ಅನಸುಬಾಯಿ ಕತ್ತರಿಸುತ್ತ ಹೋದಳು. ಗೇಣಿಗೊಂದರಂತೆ ಇದ್ದ ಸಾಲು ಈಗ ನಾಲ್ಕು ಬೆರಳಿಗೊಂದಾಯಿತು. ಊರಿಗೆ ಹೋಗುವ ಯೋಚನೆ ಮತ್ತೆ ಬರಲಿಲ್ಲ. ಹತ್ತು ದಿನಕ್ಕೆ ಮಣ್ಣಿನಲ್ಲಿ ಸೂಜಿಮೊನೆಯಂಥ ಚಿಗುರು ಎದ್ದಾಗ ಲುಂಬಿನಿ ಶಾಲೆಗೆ ತಡವಾದರೂ ಅಲ್ಲಿಂದ ಕದಲಲಿಲ್ಲ. ಚಿಗುರಿನ ನಡುವೆ ಸೊಕ್ಕಿನಿಂದ ತಲೆ ಎತ್ತಿದ ಜೇಕಿನ ಕಳೆಯನ್ನು ಅತ್ತೆ ಹುಡುಕಿ ಹುಡುಕಿ ಕಿತ್ತಳು. ಹಳೇ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಜಯಂತಿಯ ದಿನ ಲುಂಬಿನಿಯ ಅಪ್ಪ ಭೀಮಶ್ಯಾ ಬಿಳಿ ಅಂಗಿ ತೊಟ್ಟು, ನೀಲಿ ಶಾಲು ಹೊದ್ದು ಮಗಳ ಮನೆಗೆ ಬಂದರು. ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಹಸಿರಿನ ಮೇಲೆ ಎರಡು ಹೆಜ್ಜೆ ಇಟ್ಟವರು, ಕುಕ್ಕರಗಾಲಿನಲ್ಲಿ ಕೂತು ಅಲ್ಲಲ್ಲಿ ಉದ್ದ ಬೆಳೆದ ಎಸಳುಗಳನ್ನು ಚಿವುಟತೊಡಗಿದರು. ಊಟದ ತಟ್ಟೆ ಹಿಡಿದು ಬಂದ ಲುಂಬಿನಿ ಅತ್ತೆಯ ಕಡೆ ನೋಡಿದಳು.

ಅನಸುಬಾಯಿ ಸೆರಗು ಸರಿಮಾಡಿಕೊಂಡು ಹುಲ್ಲಿನ ನಟ್ಟನಡುವೆ ಹೋದಳು. ಬೀಗರ ಎದುರಿಗೆ ಎಂದೂ ಕಾಲು ಚಾಚದವಳು, ಇವತ್ತು ದೊಪ್ಪನೆ ಕುಳಿತು ಎರಡೂ ಕಾಲು ಚಾಚಿಬಿಟ್ಟಳು.

“ಕೈ ಬಿಡ್ರಿ ಬೀಗರೆ. ಕೆಲಸಕ್ಕ ಬಂದಿಲ್ಲ ನೀವು, ಮಗಳ ಮನಿಗಿ ಬಂದೀರಿ. ನೆಲಕ್ಕ ಊರಿ ಕುಂದ್ರಿ.”

ಭೀಮಶ್ಯಾ ಕುಳಿತರು. ಕುಳಿತ ಮೇಲೂ ಒಮ್ಮೆ ಗೇಟಿನ ಕಡೆ ತಿರುಗಿ ನೋಡಿದರು. ಎಬ್ಬಿಸಲು ಯಾರೂ ಬರಲಿಲ್ಲ. ಆಮೇಲೆ ಮೆಲ್ಲಗೆ ಒಂದು ಕಾಲು ಚಾಚಿದರು, ತುಸು ಹೊತ್ತು ಬಿಟ್ಟು ಇನ್ನೊಂದನ್ನೂ.