ಕಾಲ್ದೆಸೆಯ ಗೆರೆ

ಮನುಷ್ಯನ ಗಮನ ಎತ್ತ ಇದೆಯೆಂದು ಫಿಲ್ಮಿನಲ್ಲಿ ನೋಡುವುದು ಎಕ್ಸ್‌ರೇಯಷ್ಟೇ ಮಾಮೂಲಾಗಿತ್ತು. ಹಣೆಯಿಂದ ಹೊರಟ ಬಿಳಿ ಗೆರೆ ಗಮನವಿದ್ದಲ್ಲಿಗೆ ಹೋಗಿ ಮುಟ್ಟುತ್ತದೆ. ಗೆರೆಯೇ ಮೂಡದಿದ್ದರೆ ಉಸಿರಾಟದ ಯಂತ್ರ ತೆಗೆದುಬಿಡುತ್ತಾರೆ.

ತಿಂಗಳಿಂದ ಎಚ್ಚರವಿಲ್ಲದೆ ಮಲಗಿದ್ದ ತಾಯಿ ಶಿವಗಂಗವ್ವನ ಫಿಲ್ಮಿಗಾಗಿ ಕಸ್ತೂರಿ ಜೀವ ಕೈಯಲ್ಲಿ ಹಿಡಿದು ಕಾದಿದ್ದಳು.

"ಗೆರಿ ಐತ್ರಿ, ಯಂತ್ರ ತೆಗಿಯೂದಿಲ್ಲ," ಎಂದರು ಡಾಕ್ಟರು, ತಮ್ಮ ಕೋಣೆಯಲ್ಲಿ ಅವಳಿಗೆ ಫಿಲ್ಮು ತೋರಿಸುತ್ತ. "ಆದ್ರ ನಿಮ್ಮ ಕಡೆ ಬಂದಿಲ್ಲ."

ಫಿಲ್ಮು ತೆಗೆಯುವಾಗ ಪಕ್ಕದಲ್ಲೇ ಕೂತಿದ್ದ ಮಗಳನ್ನು ದಾಟಿ ಗೆರೆ ಮಂಚದ ಕಾಲ್ದೆಸೆಯ ಖಾಲಿ ಜಾಗದಲ್ಲಿ, ಆಳೆತ್ತರದಲ್ಲಿ ನಿಂತಿತ್ತು.

ಕಸ್ತೂರಿ ಹಳೆಯ ಭಿತ್ತಿಚಿತ್ರಗಳನ್ನು ಸರಿಪಡಿಸುವವಳು. ಹಿಂದಿನ ಚಿತ್ರಗಾರರು ಇದೇ ಗೆರೆಗಳನ್ನು ಚಿನ್ನದ ಬಣ್ಣದಲ್ಲಿ ಬರೆಯುತ್ತಿದ್ದರು. ಸಾಯುತ್ತಿರುವ ರಾಣಿಯರ ಗೆರೆ ಯಾವಾಗಲೂ ಕಾಲ್ದೆಸೆಯ ಬರಿಗೋಡೆಗೆ ಹೋಗಿರುತ್ತಿತ್ತು. ಅಲ್ಲಿದ್ದ ಆಕೃತಿ ಅಳಿಸಿಹೋಗಿರಬೇಕೆಂದು ಅವಳು ಎಷ್ಟೋ ಸಲ ಹುಡುಕಿದ್ದಳು. ಅಲ್ಲಿ ಯಾರೂ ಏನನ್ನೂ ಬರೆದಿರಲೇ ಇಲ್ಲ.

"ಆ ಖಾಲಿ ಜಾಗದಿಂದ ಇನ್ನೊಂದು ಗೆರಿ ಬಂದೈತಲ್ರಿ, ಅದು ಯಾರದು?" ಎಂದು ಕೇಳಿದಳು ಕಸ್ತೂರಿ.

"ಗೊತ್ತಿಲ್ರಿ. ಇಂಥ ಪೇಷಂಟ್ ಎಲ್ಲಾರ ಫಿಲ್ಮಿನ್ಯಾಗೂ ಇರತೈತಿ. ಪೇಷಂಟಿನ ಮ್ಯಾಲೇ ಬಂದು ನಿಲ್ತೈತಿ," ಎಂದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

ಆ ಗೆರೆ ಶಿವಗಂಗವ್ವನನ್ನು ಮುಟ್ಟಿರಲಿಲ್ಲ. ಕಸ್ತೂರಿಯ ಹಣೆಯ ಮೇಲೆ ನಿಂತಿತ್ತು.

ಅವಳು ವಾರ್ಡಿಗೆ ಮರಳಿ, ಕಾಲ್ದೆಸೆಯತ್ತ ನೋಡದೆ ತಾಯಿಯ ಕೈ ಹಿಡಿದಳು. ಇಷ್ಟು ದಿನ ಅಲುಗದಿದ್ದ ಬೆರಳುಗಳು ಬಿಗಿದವು. ಬೀದಿನಾಯಿ ಎದುರಾದಾಗ ಮಗುವನ್ನು ಎಳೆದುಕೊಳ್ಳುವ ಹಾಗೆ, ಆ ಕೈ ಅವಳನ್ನು ಮಗ್ಗುಲಿಗೆ ಎಳೆದುಕೊಂಡಿತು.