ಪಕ್ಕದ ಸೀಟಿನ ನಿಯಮ

ಹೇಳಿಬಿಡಲೇ? ಬೇಡವೇ? ಈಗ ಸುಮ್ಮನಿದ್ದರೆ ನಾಳೆ ಹೇಳಿ ಪ್ರಯೋಜನವಿಲ್ಲ. ಹೇಳಿದರೆ ಅವಳು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಅವನು ಮಂಡಿಯೂರಿ ಆ ಕೆಂಪು ಕಾರಿನೊಳಗೆ ಇನ್ನೊಮ್ಮೆ ಟಾರ್ಚ್ ಬಿಟ್ಟ. ಚಾವಣಿಯಿಲ್ಲದ, ಎರಡೇ ಸೀಟಿನ ಪುಟ್ಟ ಕಾರು. ಟೈರು ಸರಿ. ಬ್ರೇಕು ಸರಿ. ಎಂಜಿನ್ ಅಳತೆಯೂ ಸರಿ. ಬೆನ್ನ ಹಿಂದೆ ಜನ ಸೇರಿದ್ದರು. ಬೇರೆ ಯಾವ ಕಾರಿನ ತಪಾಸಣೆಗೂ ಹೀಗೆ ಸೇರಿರಲಿಲ್ಲ. ಈ ಕಾರಿನ ಒಡತಿ ಅವನ ಮಗಳು.

“ಏನ್ ಸಾರ್, ಇಷ್ಟೊತ್ತು?” ಎಂದ ದಂತವೈದ್ಯ. ಅವಳ ವರ್ಗದಲ್ಲೇ ಓಡಿಸುವವನು, ವರ್ಷದ ಅಂಕಗಳಲ್ಲಿ ಅವಳ ಬೆನ್ನಿಗೇ ಇದ್ದವನು. “ಮನೆ ಕಾರಲ್ವಾ, ಕಣ್ಮುಚ್ಕೊಂಡು ಪಾಸ್ ಮಾಡ್ತೀರಿ ಅಂದ್ಕೊಂಡಿದ್ದೆ.”

ಯಾರೋ ಕಿಸಕ್ಕನೆ ನಕ್ಕರು.

ಕ್ಲಬ್ಬಿನಲ್ಲಿ ಕಾರುಗಳ ಪರೀಕ್ಷಕನಾದ ಅವನನ್ನು ಎಲ್ಲರೂ ‘ಕಲಂ ಸಾರ್’ ಎನ್ನುತ್ತಿದ್ದರು. ನಿಯಮಗಳ ದಪ್ಪ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಅವನೊಬ್ಬನೇ. ಉಳಿದವರಿಗೆ ಅವನೇ ಪುಸ್ತಕ. ಮೈದಾನದಲ್ಲಿ ಅಪ್ಪ ಎನ್ನಕೂಡದು ಎಂದು ಮಗಳಿಗೂ ತಾಕೀತು ಮಾಡಿದ್ದ. ಅವಳು ‘ಸಾರ್’ ಎನ್ನುತ್ತಿದ್ದಳು, ತುಟಿಯಂಚಿನಲ್ಲಿ ನಗುತ್ತ.

ಕಾರುಗಳು ಒಂದೊಂದಾಗಿ ಗಡಿಯಾರದ ವಿರುದ್ಧ ಓಡುವ ಸ್ಪರ್ಧೆ ಅದು. ಬೀದಿಯಲ್ಲೂ ಓಡಬಲ್ಲ, ಹೆಚ್ಚೇನೂ ಬದಲಾಗದ ಕಾರುಗಳದ್ದು ರಸ್ತೆ ವರ್ಗ. ಅಲ್ಲಿ ಹೆಲ್ಮೆಟ್ ಇದ್ದರೆ ಸಾಕು. ಬಿಚ್ಚಿ, ಬದಲಿಸಿ, ಬಲ ಹೆಚ್ಚಿಸಿದವುಗಳದ್ದು ಮಾರ್ಪಾಡು ವರ್ಗ. ಅಲ್ಲಿ ಕಾರು ಮಗುಚಿದರೆ ಕಾಪಾಡಲು ಚಾಲಕನ ತಲೆಯ ಮೇಲೆ ಉಕ್ಕಿನ ಕಮಾನು ಕಡ್ಡಾಯ. ರಸ್ತೆ ವರ್ಗದಲ್ಲಿ ನಾಳೆ ಗೆದ್ದರೆ ವರ್ಷದ ಕಪ್ ಅವಳದ್ದು. ಮಾರ್ಪಾಡು ವರ್ಗಕ್ಕೆ ಹೋದರೆ ಅವಳ ಕಾರು ಆನೆಗಳ ನಡುವೆ ಸಿಕ್ಕ ಮೇಕೆಮರಿ.

ಹೋದ ತಿಂಗಳು ಇದೇ ಮೈದಾನದ ಕೊನೆಯ ತಿರುವಿನಲ್ಲಿ ಅವಳ ಕಾರಿನ ಎರಡು ಚಕ್ರ ನೆಲ ಬಿಟ್ಟಿದ್ದವು. ಜನ ಶಿಳ್ಳೆ ಹೊಡೆದಿದ್ದರು. ಮನೆಗೆ ಬಂದ ಮೇಲೆ ಅಪ್ಪ ಮಗಳು ಇಬ್ಬರೂ ಅದರ ಮಾತೆತ್ತಲಿಲ್ಲ.

ಅವನು ಎದ್ದು ನಿಂತ. “ಪಕ್ಕದ ಸೀಟು ಬದಲಾಗಿದೆ.”

“ಹಗುರದ್ದು ಹಾಕಿದೀನಿ ಸಾರ್. ಸೀಟ್ ಇರ್ಬೇಕು, ಇದೆ. ಇಲ್ಲಿ ಬೇರೆ ಯಾರಿಗೂ ಹೊಳೆದಿಲ್ಲ.” ಅವಳ ದನಿಯಲ್ಲಿ ಹೆಮ್ಮೆಯಿತ್ತು.

“ಕಾರ್ಖಾನೆಯದ್ದೇ ಇರ್ಬೇಕು. ಹದಿನೇಳನೇ ಕಲಂ. ಇದು ಮಾರ್ಪಾಡು ವರ್ಗ.”

ಹಳೆಯ ಸೀಟನ್ನು ತಂದು ಹಾಕುವಂತಿರಲಿಲ್ಲ. ಹೋದ ವಾರವೇ ಮಾರಿಯಾಗಿತ್ತು. ಕೊಂಡವನ ವ್ಯಾನಿಗೆ ಅದನ್ನು ಎತ್ತಿಟ್ಟವನು ಅಪ್ಪನೇ.

“ನಿಮ್ಮ ಕಣ್ಣೆದುರಿಗೇ ಮಾರಿದ್ನಲ್ಲಾ! ಆಗ ಯಾಕೆ ಬಾಯಿ ಬಿಡ್ಲಿಲ್ಲ?”

“ಮನೇಲಿ ನಾನು ಪರೀಕ್ಷಕ ಅಲ್ಲ.”

“ತೋರ್ಸಿ. ಎಲ್ಲಿದೆ ಆ ಕಲಂ?”

ಅವನು ಜೇಬಿನಿಂದ ಪುಸ್ತಕ ತೆಗೆದು ಅವಳ ಮುಂದೆ ಹಿಡಿದ. “ತಗೋ, ಓದ್ಕೋ.” ಅವಳ ಕಣ್ಣು ತಪ್ಪಿಸಿ ಕಾರಿನ ಕಡೆ ನೋಡಿದ. ಎಲ್ಲರೂ ಅದನ್ನು ನೋಡಿದರು. ಹೆತ್ತ ಕರುಳಲ್ಲವೇ ಎಂದುಕೊಂಡರು.

ಅವಳು ಪುಸ್ತಕವನ್ನು ಮುಟ್ಟಲಿಲ್ಲ. “ಬೇಡ ಬಿಡಿ. ನೀವು ಕಲಂ ತಪ್ಪಿ ಹೇಳಿದ್ದು ಯಾವತ್ತು?”

ದಂತವೈದ್ಯನ ಮೂವತ್ತೆರಡು ಹಲ್ಲೂ ಕಂಡವು. “ಛೇ, ಸ್ವಂತ ಮಗಳು ಅಂತಾನೂ ನೋಡ್ಲಿಲ್ವಲ್ಲ ಸಾರ್!”

ಹಿಂದೆ ಸರಿಯುವ ಜಾಯಮಾನ ಅವಳದ್ದಲ್ಲ. ಅದು ಅಪ್ಪನಿಗೂ ಗೊತ್ತಿತ್ತು. ಕಾರನ್ನು ನೇರ ಮೈದಾನದ ಪಕ್ಕದ ವೆಲ್ಡಿಂಗ್ ಶೆಡ್ಡಿಗೆ ಓಡಿಸಿದಳು. ಅವನು ಹಿಂದೆಯೇ ನಡೆದು ಬಂದು ಬಾಗಿಲ ಬಳಿ ನಿಂತ. ಮೇಸ್ತ್ರಿ ಮೂಲೆಯಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಉಕ್ಕಿನ ಕಮಾನೊಂದನ್ನು ಹೊರಗೆಳೆದ.

“ಯಾರೋ ಹೋದ ತಿಂಗಳು ಮಾಡ್ಸಿದ್ರಮ್ಮ, ತಗೊಂಡೇ ಹೋಗ್ಲಿಲ್ಲ,” ಎಂದ, ಅವಳ ಮುಖ ನೋಡದೆ. ಇಟ್ಟು ನೋಡಿದರೆ ಅಳೆದು ಮಾಡಿದಂತೆ ಕೂತಿತು. “ನೋಡಿ, ಅದೃಷ್ಟ ಅಂದ್ರೆ ಇದು.”

“ನನ್ನ ಅದೃಷ್ಟಾನಾ?” ಅವಳು ಬಾಗಿಲ ಕಡೆ ತಿರುಗಿದಳು. “ಅದು ಅಲ್ಲಿ ನಿಂತಿದೆ ನೋಡಿ, ಪುಸ್ತಕ ಹಿಡ್ಕೊಂಡು.”

ಮೇಸ್ತ್ರಿ ಕೆಮ್ಮಿದ. ಕೆಲಸ ಮುಗಿದ ಮೇಲೆ ಅಪ್ಪ ಒಳಗೆ ಬಂದು ಒಂದೊಂದು ಬೋಲ್ಟನ್ನೂ ಎಳೆದು ನೋಡಿದ. ಮುಗಿಸಿ, ಮತ್ತೆ ಮೊದಲಿನಿಂದ ನೋಡಿದ.

“ಸಾಕಾ ಸಾರ್? ಇನ್ನೂ ಯಾವುದಾದ್ರೂ ಕಲಂ ಉಳಿದಿದ್ಯಾ?”

“ಸಾಕು,” ಎಂದ.

ಮರುದಿನ ಅವಳು ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ಓಡಿಸಿದಳು. ಕೊನೆಯ ತಿರುವಿನಲ್ಲಿ ಮತ್ತೆ ಎರಡು ಚಕ್ರ ಮೇಲೆದ್ದವು. ಒಂದು ಗಳಿಗೆ ಕಾರು ಹಾಗೇ ವಾಲಿ ನಿಂತಂತಾಯಿತು. ಆಮೇಲೆ ಚಕ್ರಗಳು ನೆಲಕ್ಕೆ ಇಳಿದವು. ಏನೂ ಆಗಲಿಲ್ಲ. ಆ ಕಮಾನಿನ ಅಗತ್ಯವೇ ಬೀಳಲಿಲ್ಲ. ತನ್ನ ಹೊಸ ವರ್ಗದಲ್ಲಿ ಅವಳು ಎಲ್ಲರಿಗಿಂತ ಕೊನೆಯವಳಾದಳು.

ರಸ್ತೆ ವರ್ಗದ ಕಪ್ ದಂತವೈದ್ಯನ ಪಾಲಾಯಿತು. ಅದನ್ನು ಎದೆಗವಚಿಕೊಂಡು ಅವನು ಭಾಷಣವನ್ನೇ ಮಾಡಿದ. “ಇದು ನಂಗಲ್ಲ, ಕಲಂ ಸಾರ್‌ಗೆ ಸೇರ್ಬೇಕು. ನಿಯಮದ ಮುಂದೆ ಮಗಳೂ ಇಲ್ಲ, ಮನೇನೂ ಇಲ್ಲ. ಇಂಥ ಪ್ರಾಮಾಣಿಕ ಮನುಷ್ಯನ್ನ ನಾನು ಕಂಡಿಲ್ಲ!” ಚಪ್ಪಾಳೆ ನಿಲ್ಲಲೇ ಇಲ್ಲ. ಕಲಂ ಸಾರ್ ಎದ್ದು ನಿಂತು ಕೈ ಮುಗಿಯಬೇಕಾಯಿತು. ಮಗಳ ಕುರ್ಚಿ ಖಾಲಿಯಿತ್ತು.

ಅಂದಿನಿಂದ ಅವಳು ಮನೆಯಲ್ಲೂ “ಊಟಕ್ಕೆ ಬನ್ನಿ ಸಾರ್” ಎನ್ನತೊಡಗಿದಳು, ನಗದೆ. ಹಟಕ್ಕೆ ಬಿದ್ದವಳಂತೆ ಮಾರ್ಪಾಡು ವರ್ಗದಲ್ಲೇ ಉಳಿದಳು. ಕಮಾನೂ ಕಾರಿನಲ್ಲೇ ಉಳಿಯಿತು. ಹೊಸಬರು ಯಾರಾದರೂ ಹಗುರದ ಸೀಟು ಹಾಕಲು ಹೊರಟರೆ ಹಳಬರು “ಹದಿನೇಳನೇ ಕಲಂ ಗೊತ್ತಿಲ್ವಾ?” ಎಂದು ಗದರುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಗದರುತ್ತಿದ್ದವಳು ಅವಳೇ.

ಹದಿನೇಳನೇ ಕಲಂ ಇರುವುದು ಕಾರಿನ ಬಾಗಿಲಿಗೆ ಅಂಟಿಸುವ ಸಂಖ್ಯೆಯ ಬಣ್ಣದ ಬಗ್ಗೆ, ಪಕ್ಕದ ಸೀಟು ಕಾರ್ಖಾನೆಯದ್ದೇ ಆಗಿರಬೇಕೆಂಬ ಮಾತು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.